ಮೊಣಕಾಲಿನ ಕೆಳಗೆ ನಾಲ್ಕು ಬೆರಳು

ಮೊದಲ ಸೂಜಿಯನ್ನು ನಾನು ಚುಚ್ಚಿದ್ದು ನನ್ನದೇ ಕಾಲಿಗೆ. ಮೂರು ತಿಂಗಳ ಅಕ್ಯುಪಂಕ್ಚರ್ ತರಬೇತಿಗೆಂದು ಬೀಜಿಂಗ್‌ಗೆ ಹೋಗಿ ಎರಡು ವಾರವಾಗಿತ್ತು. ಅಲ್ಲಿಯವರೆಗೆ ಮಡಿಸಿದ ಕಾಗದದ ಕಂತೆಗೆ, ಹತ್ತಿಯ ಉಂಡೆಗೆ ಚುಚ್ಚಿ ಬೆರಳು ಪಳಗಿಸಿಕೊಂಡಿದ್ದೆವು. ಹನ್ನೆರಡು ವರ್ಷ ಅರಿವಳಿಕೆ ಕೊಟ್ಟ ವೈದ್ಯೆಗೆ ಸೂಜಿ ಹೊಸದಲ್ಲ. ಬೆನ್ನುಹುರಿಯ ಹತ್ತಿರದವರೆಗೆ ಅದನ್ನು ಇಳಿಸಿದ ಕೈ ಇದು. ಆದರೆ ನನ್ನ ಸೂಜಿಗಳೆಲ್ಲ ಔಷಧವನ್ನು ಒಳಗೆ ಸಾಗಿಸುತ್ತಿದ್ದವು. ಇದು ಕಾಲು ಮಿಲಿಮೀಟರ್ ದಪ್ಪದ, ರಂಧ್ರವೇ ಇಲ್ಲದ ಗಟ್ಟಿ ತಂತಿ. ಇದರಿಂದ ಏನಾದೀತು ಎಂಬ ಅನುಮಾನವನ್ನು ನಾನು ಊರಿನಿಂದಲೇ ಹೊತ್ತುಕೊಂಡು ಹೋಗಿದ್ದೆ.

ಜಾಗ ಗುರುತಿಸಲು ಸ್ಕೇಲು ಕೇಳಿದಾಗ ನಮ್ಮ ಗುರುಗಳು, ಎಪ್ಪತ್ತು ದಾಟಿದ ವೈದ್ಯೆ, ನನ್ನ ಕೈಯನ್ನೇ ಹಿಡಿದು ಕಾಲಿನ ಮೇಲೆ ಇಟ್ಟರು. ಚೀನೀ ವೈದ್ಯದ ಅಳತೆ ತ್ಸುನ್. ರೋಗಿಯ ಹೆಬ್ಬೆರಳಿನ ಅಗಲ ಒಂದು ತ್ಸುನ್, ಜೋಡಿಸಿದ ನಾಲ್ಕು ಬೆರಳುಗಳ ಅಗಲ ಮೂರು ತ್ಸುನ್. ಹೀಗಾಗಿ ಆರಡಿಯ ಗಂಡಸಿಗೂ ಎಂಟು ವರ್ಷದ ಮಗುವಿಗೂ ಅಳತೆ ಅವರವರ ಮೈಯಲ್ಲೇ ಇರುತ್ತದೆ. ಮೊಣಕಾಲಿನ ಚಿಪ್ಪಿನ ಕೆಳಗೆ ಹೊರಬದಿಯಲ್ಲಿರುವ ಗುಳಿಯಿಂದ ನಾಲ್ಕು ಬೆರಳು ಇಳಿದು, ಕಣಕಾಲಿನ ಮೂಳೆಯ ಏಣಿನಿಂದ ಒಂದು ಬೆರಳು ಹೊರಗೆ ಸರಿದರೆ ಸಿಗುವ ಬಿಂದು ಜೂಸಾನ್‌ಲಿ.

ಆ ಪರಂಪರೆಯ ಪ್ರಕಾರ ಮೈಯಲ್ಲಿ ಹನ್ನೆರಡು ಮುಖ್ಯ ನಾಳಗಳು. ಅವುಗಳಲ್ಲಿ ಚೀ ಎಂಬ ಚೈತನ್ಯ ಹರಿಯುತ್ತದೆ. ಬೆರಳ ತುದಿಯಿಂದ ಮೊಣಕೈ, ಮೊಣಕಾಲಿನವರೆಗೆ ಪ್ರತಿ ನಾಳದ ಐದು ಬಿಂದುಗಳಿಗೆ ಬಾವಿ, ಬುಗ್ಗೆ, ತೊರೆ, ನದಿ, ಸಮುದ್ರ ಎಂಬ ಹೆಸರುಗಳಿವೆ. ಜೂಸಾನ್‌ಲಿ ಜಠರದ ನಾಳದ ಸಮುದ್ರ. ಹರಿವಿದ್ದರೆ ನೋವಿಲ್ಲ, ನೋವಿದ್ದರೆ ಹರಿವಿಲ್ಲ ಎಂಬುದು ಅಲ್ಲಿನ ವೈದ್ಯರ ಬಾಯಲ್ಲಿ ಸದಾ ಇರುವ ಮಾತು. ಕಾಲುವೆ ತೋಡಿ ನೀರು ಹಾಯಿಸಿ ಬದುಕಿದ ಜನ ದೇಹವನ್ನು ಹೀಗೆ ಕಂಡದ್ದು ನನಗೆ ಸಹಜವೆನಿಸಿತು. ನಮ್ಮಲ್ಲಿ ಕೆಲವರು ಇದನ್ನು ಕೂಡಲೇ ನಮ್ಮ ಪ್ರಾಣವಾಯು, ಮರ್ಮಸ್ಥಾನಗಳೊಂದಿಗೆ ಸಮೀಕರಿಸುತ್ತಾರೆ. ನಾನು ಒಪ್ಪುವುದಿಲ್ಲ. ಎರಡರ ತರ್ಕವೂ ಬೇರೆ, ಎರಡನ್ನೂ ಅವುಗಳ ಮಾತಿನಲ್ಲೇ ಕೇಳಬೇಕು.

ಸೂಜಿ ಒಳಹೋದಾಗ ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ಎರಡೂವರೆ ಸೆಂಟಿಮೀಟರ್ ಇಳಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ತಿರುಗಿಸಿದೆ. ಆಗ ಕಾಲಿನ ಒಳಗೆಲ್ಲೋ ಒಂದು ಭಾರ ಕೂತಿತು. ಜೋಮು ಹಿಡಿದಂತೆ ಪಾದದವರೆಗೆ ಇಳಿಯಿತು. ಅದೇ ಕ್ಷಣ ಸೂಜಿಯೂ ಬಿಗಿಯಾಯಿತು, ಒಳಗಿನಿಂದ ಯಾರೋ ಹಿಡಿದಂತೆ. ಚೀನೀಯರು ಇದನ್ನು ದ-ಚೀ, ಚೀ ಬಂದಿತು, ಎನ್ನುತ್ತಾರೆ. ಮೀನು ಗಾಳವನ್ನು ಕಚ್ಚಿದಂತೆ ಎಂಬುದು ಅವರ ಹಳೆಯ ಉಪಮೆ. ಆ ಜಗ್ಗುವಿಕೆ ಬೆರಳಿಗೆ ನಿಜವಾಗಿಯೂ ತಿಳಿಯುತ್ತದೆ.

ಅದೇನೆಂದು ಹುಡುಕುತ್ತಾ ಹೋದಾಗ ಹೆಲೀನ್ ಲ್ಯಾಂಜೆವಿನ್ ಅವರ ಸಂಶೋಧನೆ ಸಿಕ್ಕಿತು. ತಿರುಗುವ ಸೂಜಿಗೆ ಚರ್ಮದಡಿಯ ಸಂಯೋಜಕ ಅಂಗಾಂಶದ ಎಳೆಗಳು ಕದಿರಿಗೆ ನೂಲಿನಂತೆ ಸುತ್ತಿಕೊಳ್ಳುತ್ತವೆ. ತಿರುಗಿಸಿದ ಸೂಜಿಯನ್ನು ಹೊರಗೆಳೆಯಲು ಹೆಚ್ಚು ಬಲ ಬೇಕೆಂದು ಅವರ ತಂಡ 2001ರಲ್ಲಿ ಅಳೆದು ತೋರಿಸಿತು. ಗುರುಗಳ ಮೀನು ಕಟ್ಟುಕಥೆಯಲ್ಲ ಎಂದು ಅಂದು ನನಗೆ ಆದ ಸಂತೋಷ ಇಂದಿಗೂ ನೆನಪಿದೆ.

ನನ್ನ ಅನುಮಾನವನ್ನು ನಿಜವಾಗಿ ಅಲುಗಿಸಿದ್ದು ನಲಾಕ್ಸೋನ್. ಮಾರ್ಫಿನ್ ಹೆಚ್ಚಾಗಿ ರೋಗಿಯ ಉಸಿರು ಕುಗ್ಗಿದಾಗ ಮಾರ್ಫಿನ್‌ನ ಪರಿಣಾಮವನ್ನು ತಡೆಯಲು ನಾವು ಅರಿವಳಿಕೆಯವರು ಕೊಡುವ ಔಷಧ ಅದು. 1977ರಲ್ಲಿ ಡೇವಿಡ್ ಮೇಯರ್ ಮತ್ತು ಸಂಗಡಿಗರು ಪ್ರಯೋಗಕ್ಕೆಂದು ಹಲ್ಲಿಗೆ ಉಂಟುಮಾಡಿದ ನೋವು ಸೂಜಿಯಿಂದ ತಗ್ಗಿದವರಿಗೆ ಇದನ್ನು ಕೊಟ್ಟಾಗ ಆ ಪರಿಹಾರ ಅಳಿಸಿಹೋಯಿತು. ಅಂದರೆ ಸೂಜಿ ಮೈಯ ಒಳಗಿನ ಮಾರ್ಫಿನ್ನನ್ನೇ, ಎಂಡಾರ್ಫಿನ್‌ಗಳನ್ನು, ಎಬ್ಬಿಸಿರಬೇಕು. ಬೀಜಿಂಗ್‌ನ ಹಾನ್ ಜಿಶೆಂಗ್ ಇನ್ನೂ ಮುಂದೆ ಹೋದರು. ಸೂಜಿಗಳಿಗೆ ಸೆಕೆಂಡಿಗೆ 2 ಬಾರಿ ವಿದ್ಯುತ್ ಮಿಡಿತ ಕೊಟ್ಟರೆ ಎನ್ಕೆಫಾಲಿನ್, 100 ಬಾರಿ ಕೊಟ್ಟರೆ ಡೈನಾರ್ಫಿನ್, ಎರಡೂ ಮೈಯ ಒಳಗಿನ ಮಾರ್ಫಿನ್‌ನ ಬಗೆಗಳೇ, ಬಿಡುಗಡೆಯಾಗುತ್ತದೆ ಎಂದು ಅವರು ತೋರಿಸಿದರು. ನನ್ನ ಚಿಕಿತ್ಸಾಲಯದ ಯಂತ್ರವನ್ನು ನಾನು ಎರಡರ ನಡುವೆ ಬದಲಾಗುತ್ತಿರುವಂತೆ ಇಡುವುದು ಇದೇ ಕಾರಣಕ್ಕೆ.

ಆದರೆ ಬಿಂದುವಿನ ನಿಖರತೆ? 1027ರ ಸುಮಾರಿಗೆ ಚೀನಾದ ಸಾಂಗ್ ರಾಜವಂಶದ ಆಸ್ಥಾನ ವೈದ್ಯ ವಾಂಗ್ ವೇಯೀ ಕಂಚಿನ ಮನುಷ್ಯಾಕೃತಿಗಳನ್ನು ಎರಕ ಹೊಯ್ಯಿಸಿದರು. ಮೈಯ ರಂಧ್ರಗಳಿಗೆ ಮೇಣ ಮೆತ್ತಿ, ಒಳಗೆ ದ್ರವ ತುಂಬಿ ವಿದ್ಯಾರ್ಥಿಗಳನ್ನು ಪರೀಕ್ಷಿಸುತ್ತಿದ್ದರಂತೆ. ಸರಿಯಾದ ಜಾಗಕ್ಕೆ ಚುಚ್ಚಿದರೆ ಮಾತ್ರ ದ್ರವ ಜಿನುಗುತ್ತಿತ್ತು. ಆ ಶಿಸ್ತಿನಲ್ಲಿ ಕಲಿತು ಬಂದ ನನಗೆ ಜರ್ಮನಿಯ ಒಂದು ಅಧ್ಯಯನ ನಿದ್ದೆ ಕೆಡಿಸಿತು. ಸೊಂಟನೋವಿನ 1,162 ರೋಗಿಗಳ ಆ ಪರೀಕ್ಷೆಯ ಫಲಿತಾಂಶ 2007ರಲ್ಲಿ ಬಂತು. ಆರು ತಿಂಗಳ ನಂತರ ಶಾಸ್ತ್ರೋಕ್ತ ಬಿಂದುಗಳಿಗೆ ಚುಚ್ಚಿಸಿಕೊಂಡವರಲ್ಲಿ ಶೇ. 47.6, ಬಿಂದುವಲ್ಲದ ಕಡೆ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2, ಮಾತ್ರೆ ಮತ್ತು ವ್ಯಾಯಾಮದ ಗುಂಪಿನಲ್ಲಿ ಶೇ. 27.4 ಮಂದಿಗೆ ಗುಣ ಕಂಡಿತ್ತು. ಸೂಜಿ ಮಾತ್ರೆಗಿಂತ ಮೇಲಾಗಿದ್ದುದು ಸಂತೋಷವೇ. ಆದರೆ ಸರಿ ಜಾಗಕ್ಕೂ ತಪ್ಪು ಜಾಗಕ್ಕೂ ಇಷ್ಟೇ ಅಂತರವೇ? ಮಲಗಿಸಿ, ಅರ್ಧ ಗಂಟೆ ಜೊತೆಗಿದ್ದು, ಮುಟ್ಟಿ, ಭರವಸೆ ಕೊಡುವುದರ ಪಾಲು ದೊಡ್ಡದಿದೆ ಎಂದು ನಾನು ಒಪ್ಪಿಕೊಂಡೆ.

ಹಾಗೆಂದು ಜಾಗ ಪೂರ್ತಿ ಲೆಕ್ಕಕ್ಕಿಲ್ಲ ಎನ್ನಲೂ ಆಗದು. 2021ರಲ್ಲಿ ಮಾ ಚಿಯುಫು ಅವರ ತಂಡ ಇಲಿಗಳ ಜೂಸಾನ್‌ಲಿಗೆ ಹಗುರ ವಿದ್ಯುತ್ ಕೊಟ್ಟಾಗ, ಮೂಳೆಯ ಬಳಿಯ ಆಳದ ಪೊರೆಯಲ್ಲಿರುವ ನರತಂತುಗಳ ಮೂಲಕ ಸಂದೇಶ ಸಾಗಿ, ಮೆದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸಿ, ಉರಿಯೂತ ತಗ್ಗಿತು. ಹೊಟ್ಟೆಯ ಬಿಂದುವಿಗೆ ಅದೇ ಹಗುರ ವಿದ್ಯುತ್ ಕೊಟ್ಟರೆ ಹಾಗಾಗಲಿಲ್ಲ. ಅಲ್ಲಿ ಆ ತಂತುಗಳು ವಿರಳ. ಇಲಿಯಲ್ಲಿ ಕಂಡದ್ದನ್ನು ಮನುಷ್ಯರ ಕಾಯಿಲೆಗೆ ನಾನು ಅಂಟಿಸುವುದಿಲ್ಲ. ಆದರೂ ಕೂದಲೆಳೆಯ ನಿಖರತೆಗಿಂತ ಯಾವ ಭಾಗ, ಎಷ್ಟು ಆಳ, ಎಷ್ಟು ಬಲ ಎಂಬುದು ಮುಖ್ಯವೆಂದು ಈಗ ನಂಬಿದ್ದೇನೆ.

ಧಾರವಾಡಕ್ಕೆ ಮರಳಿ ಕೆಲಸ ಶುರುಮಾಡಿದ ಮೊದಲ ತಿಂಗಳು ಒಬ್ಬ ಹುಡುಗನನ್ನು ಕುರ್ಚಿಯಲ್ಲಿ ಕೂರಿಸಿಯೇ ಕುತ್ತಿಗೆಗೆ ಚುಚ್ಚಿದೆ. ಅವನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಬೆವತು, ಬಿಳಿಚಿ, ನನ್ನ ತೋಳಿಗೆ ಒರಗಿಬಿಟ್ಟ. ಸೂಜಿಗಳನ್ನು ತೆಗೆದು, ಮಲಗಿಸಿ, ಕಾಲೆತ್ತಿ ಹಿಡಿದಾಗ ಚೇತರಿಸಿಕೊಂಡ. ಅಂದಿನಿಂದ ಊಟ ಮಾಡಿದ್ದೀರಾ ಎಂದು ಕೇಳದೆ, ಮಲಗಿಸದೆ ಯಾರಿಗೂ ಚುಚ್ಚಿಲ್ಲ. ಭುಜದ ಮೇಲಿನ ಬಿಂದುವಿಗೆ ಸೂಜಿಯನ್ನು ನೇರವಾಗಿ ಇಳಿಸುವುದೂ ಇಲ್ಲ. ಅದರಡಿಯಲ್ಲೇ ಶ್ವಾಸಕೋಶದ ತುದಿ ಇರುತ್ತದೆ.

ಕಳೆದ ವರ್ಷ ಮೊಣಕಾಲು ಸವೆದ ಅಜ್ಜಿಯೊಬ್ಬರು ಬಂದರು. ಎಂಟು ಸಲ, ವಾರಕ್ಕೆರಡರಂತೆ, ಜೂಸಾನ್‌ಲಿ ಸೇರಿ ಆರು ಸೂಜಿ. ಐದನೆಯ ಸಲ ಬಂದಾಗ, "ಡಾಕ್ಟರೇ, ರಾತ್ರಿ ನಿದ್ದೆ ಬಂತು" ಎಂದರು. ಆಮೇಲೆ ಮೆಲ್ಲಗೆ, "ಹಾಗಾದರೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಬಿಡಬಹುದಲ್ಲವೇ?" ಎಂದು ಕೇಳಿದರು. "ಬೇಡ ಅಜ್ಜಿ. ಸವೆದ ಕೀಲನ್ನೂ ಇದು ಬೆಳೆಸುವುದಿಲ್ಲ, ಸಕ್ಕರೆಯನ್ನೂ ಇಳಿಸುವುದಿಲ್ಲ. ನೋವನ್ನು ತಗ್ಗಿಸುತ್ತದೆ, ಆ ಬಿಡುವಿನಲ್ಲಿ ನೀವು ನಡೆಯಬೇಕು" ಎಂದೆ. ಅವರು ತಮ್ಮ ನಾಲ್ಕು ಬೆರಳನ್ನು ಮೊಣಕಾಲಿನ ಕೆಳಗಿಟ್ಟು, "ಇಲ್ಲೇ ತಾನೇ?" ಎಂದು ಒತ್ತಿ ತೋರಿಸಿದರು. ಜಾಗ ಸರಿಯಾಗಿತ್ತು.