ಸೋನಿಯೋ, ಕ್ಯಾನನ್ನೋ? ಮೊದಲು ಸೀಲಿಂಗ್ ಫ್ಯಾನ್ ಕೇಳಿ

ಎರಡು ಕ್ಯಾಮೆರಾಗಳನ್ನು ಹೋಲಿಸಿ ನೋಡುವ ಸಾಧನ ನಿಮ್ಮ ಮನೆಯಲ್ಲೇ ಇದೆ. ತಲೆ ಎತ್ತಿ ನೋಡಿ, ಸೀಲಿಂಗ್ ಫ್ಯಾನ್! ತಮಾಷೆ ಅಲ್ಲ. ಅದರ ಕತೆಗೆ ಆಮೇಲೆ ಬರೋಣ.

ಹೋದ ವರ್ಷ ಒಂದೇ ವಾರದಲ್ಲಿ ಇಬ್ಬರು ನನಗೆ ಒಂದೇ ಪ್ರಶ್ನೆ ಕೇಳಿದರು: ಯಾವ ಕ್ಯಾಮೆರಾ ತಗೊಳ್ಳಲಿ? ಒಬ್ಬ ಉಡುಪಿ ಕಡೆಯ ಹುಡುಗ. ಯಕ್ಷಗಾನ, ಕಂಬಳ, ನಡುನಡುವೆ ಹೊಟ್ಟೆಪಾಡಿಗೆ ಮದುವೆ ಫೋಟೊ. ಇನ್ನೊಬ್ಬರು ಹಾಸನದ ನಿವೃತ್ತ ಮೇಷ್ಟ್ರು. ಹೊಯ್ಸಳರ ಗುಡಿಗಳನ್ನು ಕಲ್ಲು ಕಲ್ಲು ಬಿಡದೆ ಫೋಟೊ ತೆಗೆದಿಡುವ ಹುಚ್ಚು ಅವರಿಗೆ. ಇಬ್ಬರ ಚೀಟಿಯಲ್ಲೂ ಅವೇ ಎರಡು ಹೆಸರು: ಸೋನಿ ಎ7 ಫೋರ್, ಕ್ಯಾನನ್ ಆರ್6 ಮಾರ್ಕ್ ಟು. ಎರಡೂ ಫುಲ್‌ಫ್ರೇಮ್ ಮಿರರ್‌ಲೆಸ್. ಅಂದರೆ ಒಳಗೆ ಕನ್ನಡಿ ಇಲ್ಲ, ಬೆಳಕು ಹಿಡಿಯುವ ಸೆನ್ಸರ್ ಮಾತ್ರ ಹಳೆಯ ಫಿಲ್ಮ್‌ನಷ್ಟೇ ದೊಡ್ಡದು, 36×24 ಮಿಲಿಮೀಟರ್. ಸೋನಿ ಬಂದದ್ದು 2021ರ ಅಕ್ಟೋಬರ್‌ನಲ್ಲಿ, ಕ್ಯಾನನ್ 2022ರ ನವೆಂಬರ್‌ನಲ್ಲಿ. ಎರಡಕ್ಕೂ 2025ರ ಕೊನೆಗೆ ತಮ್ಮಂದಿರು ಹುಟ್ಟಿದ್ದಾರೆ. ಹಾಗಾಗಿ ಈಗ ಸೆಕೆಂಡ್‌ಹ್ಯಾಂಡ್ ಆಗಿ ಕೈಗೆ ಸಿಗುವ ಜೋಡಿ ಇದು.

ಇಬ್ಬರಿಗೂ ನಾನು ಬೇರೆ ಬೇರೆ ಉತ್ತರ ಹೇಳಿದೆ. ಆ ಉತ್ತರಕ್ಕೆ ಬಂದದ್ದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ನಿಮ್ಮದೇ ನೂರು ಫೋಟೊ ಎಣಿಸಿ

ಯೂಟ್ಯೂಬ್ ಸ್ವಲ್ಪ ಹೊತ್ತು ಮುಚ್ಚಿಡಿ. ಕಳೆದ ಒಂದು ವರ್ಷದಲ್ಲಿ ನೀವು ತೆಗೆದ, ನಿಮಗೆ ಇಷ್ಟವಾದ ನೂರು ಫೋಟೊ ಆರಿಸಿ. ಒಂದು ಹಾಳೆಯ ಮೇಲೆ ನಾಲ್ಕು ಸಾಲು ಮಾಡಿ: ಬೆಳಕಲ್ಲಿ ಓಡುವುದು, ಬೆಳಕಲ್ಲಿ ನಿಂತದ್ದು, ಕತ್ತಲಲ್ಲಿ ಓಡುವುದು, ಕತ್ತಲಲ್ಲಿ ನಿಂತದ್ದು. ಒಂದೊಂದು ಫೋಟೊಗೂ ಒಂದೊಂದು ಗೀಟು ಎಳೆಯಿರಿ. ಆಮೇಲೆ ಕೆಟ್ಟುಹೋದ ಫೋಟೊಗಳನ್ನೂ ನೋಡಿ. ಫೋಕಸ್ ತಪ್ಪಿತೋ, ಕೈ ನಡುಗಿತೋ, ಹಕ್ಕಿ ಚುಕ್ಕಿಯಷ್ಟೇ ಬಂತೋ?

ಹುಡುಗನ ಹಾಳೆಯಲ್ಲಿ ‘ಕತ್ತಲಲ್ಲಿ ಓಡುವುದು’ ಸಾಲೇ ತುಂಬಿ ಹೋಗಿತ್ತು. ಕಂಬಳವೂ ರಾತ್ರಿಯಿಡೀ ಫ್ಲಡ್‌ಲೈಟ್ ಕೆಳಗೆ ನಡೆಯುತ್ತದೆ ಅಲ್ವಾ? ಮೇಷ್ಟ್ರ ಹಾಳೆಯಲ್ಲಿ ನೂರಕ್ಕೆ ತೊಂಬತ್ತು ಕಲ್ಲು. ಕಲ್ಲು ಎಲ್ಲಿಗೆ ಓಡುತ್ತದೆ!

ಈ ಹಾಳೆಯನ್ನು ಕೈಯಲ್ಲೇ ಇಟ್ಟುಕೊಂಡು ಮುಂದೆ ಓದಿ.

ಹಂತ 2: ಮೆಗಾಪಿಕ್ಸೆಲ್ ಲೆಕ್ಕ ಮಾಡಿ

ಸೋನಿಯಲ್ಲಿ 33 ಮೆಗಾಪಿಕ್ಸೆಲ್, ಕ್ಯಾನನ್‌ನಲ್ಲಿ 24. ಕೇಳಿದರೆ ದೊಡ್ಡ ಅಂತರ ಅನ್ನಿಸುತ್ತದೆ. ಅಡ್ಡಡ್ಡಲಾಗಿ ಎಣಿಸಿದರೆ ಸೋನಿ ಚಿತ್ರ 7008 ಪಿಕ್ಸೆಲ್ ಅಗಲ, ಕ್ಯಾನನ್‌ದು 6000. ವ್ಯತ್ಯಾಸ ನೂರಕ್ಕೆ 17ರಷ್ಟು, ಅಷ್ಟೇ. ಇಂಚಿಗೆ 300 ಚುಕ್ಕಿಯಂತೆ ಪ್ರಿಂಟ್ ಹಾಕಿದರೆ ಸೋನಿಯಿಂದ 23 ಇಂಚು ಅಗಲದ ಚಿತ್ರ, ಕ್ಯಾನನ್‌ನಿಂದ 20 ಇಂಚು. ಮದುವೆಯ 12×36 ಆಲ್ಬಂ ಹಾಳೆಯಲ್ಲಿ ನಾಲ್ಕೈದು ಫೋಟೊ ಕೂಡಿಸಿ ಹಾಕುತ್ತಾರಲ್ಲ, ಅದಕ್ಕೆ 24 ಧಾರಾಳ ಸಾಕು.

ಜಾಸ್ತಿ ಪಿಕ್ಸೆಲ್ ನಿಜವಾಗಿ ಬೇಕಾಗುವುದು ಕತ್ತರಿಸುವಾಗ. ಬೇಲೂರಿನ ಮದನಿಕೆಯರು ಸೂರಿನ ಕೆಳಗೆ, ಕೈಗೆಟುಕದ ಎತ್ತರದಲ್ಲಿ ನಿಂತಿದ್ದಾರೆ. ಕೆಳಗಿಂದ ತೆಗೆದು, ಆಮೇಲೆ ಬೆರಳ ತುದಿಯ ಕೆತ್ತನೆಯೊಂದನ್ನೇ ಕತ್ತರಿಸಿ ತೋರಿಸಬೇಕು ಅಂದರೆ ಒಂದೊಂದು ಪಿಕ್ಸೆಲ್ಲೂ ಲೆಕ್ಕಕ್ಕೆ ಬರುತ್ತದೆ. ರಂಗನತಿಟ್ಟಿನಲ್ಲೂ ಹಾಗೆಯೇ. ದೋಣಿ ಇನ್ನೂ ಹತ್ತಿರ ಹೋಗುವುದಿಲ್ಲ, ನಿಮ್ಮ ಲೆನ್ಸ್ ಇನ್ನೂ ಉದ್ದ ಆಗುವುದಿಲ್ಲ. ಎರಡೂ ಕ್ಯಾಮೆರಾದಲ್ಲಿ ಸೆನ್ಸರಿನ ನಡುಭಾಗ ಮಾತ್ರ ಬಳಸುವ ಕ್ರಾಪ್ ಮೋಡ್ ಇದೆ. ಅದರಲ್ಲಿ ಸೋನಿ ಸುಮಾರು 14 ಮೆಗಾಪಿಕ್ಸೆಲ್ ಉಳಿಸಿಕೊಡುತ್ತದೆ. ಕ್ಯಾನನ್ ಕ್ರಾಪ್ ಇನ್ನೊಂಚೂರು ಬಿಗಿ, ಉಳಿಯುವುದು ಒಂಬತ್ತು ಚಿಲ್ಲರೆ.

ಪಿಕ್ಸೆಲ್ ಕಡಿಮೆ ಇದ್ದರೆ ಕತ್ತಲಲ್ಲಿ ಕಾಳು ಕಾಳು ಕಾಣುವ ನಾಯ್ಸ್ ಕಡಿಮೆ ಅನ್ನುವ ಮಾತೊಂದು ಇದೆ. ಇದನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. ಎರಡೂ ಚಿತ್ರವನ್ನು ಒಂದೇ ಅಳತೆಗೆ ಪ್ರಿಂಟ್ ಹಾಕಿ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹುಡುಕಲು ಕನ್ನಡಕ ಬೇಕು.

ಹಂತ 3: ಫ್ಯಾನ್ ಹಾಕಿ

ಈಗ ಫ್ಯಾನಿನ ಸರದಿ. ಹಗಲು ಹೊತ್ತು, ಕೋಣೆಗೆ ಬೆಳಕು ಚೆನ್ನಾಗಿರಲಿ. ಫ್ಯಾನ್ ಜೋರಾಗಿ ಬಿಡಿ. ಶಟರ್ ವೇಗ 1/1000 ಸೆಕೆಂಡ್ ಇಟ್ಟು ಮೊದಲು ಪರದೆ ತೆರೆದು ಮುಚ್ಚುವ ಮೆಕ್ಯಾನಿಕಲ್ ಶಟರ್‌ನಲ್ಲಿ ಒಂದು ಫೋಟೊ, ಆಮೇಲೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಇನ್ನೊಂದು.

ಮೊದಲನೆಯದರಲ್ಲಿ ರೆಕ್ಕೆ ರೆಕ್ಕೆಯಂತೆಯೇ ಇರುತ್ತದೆ. ಎರಡನೆಯದರಲ್ಲಿ ಬಾಳೆ ಎಲೆ ಗಾಳಿಗೆ ಬಾಗಿದ ಹಾಗೆ ಬಾಗುತ್ತದೆ. ಎಲೆಕ್ಟ್ರಾನಿಕ್ ಶಟರ್ ಇಡೀ ಸೆನ್ಸರನ್ನು ಒಂದೇ ಸಲ ಓದುವುದಿಲ್ಲ. ಚಾಪೆ ಬಿಚ್ಚಿದ ಹಾಗೆ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ರೆಕ್ಕೆ ಮುಂದೆ ಹೋಗಿರುತ್ತದೆ.

ಎಷ್ಟು ಬಾಗುತ್ತದೆ ಅನ್ನುವುದರಲ್ಲೇ ಈ ಎರಡು ಕ್ಯಾಮೆರಾಗಳ ದೊಡ್ಡ ವ್ಯತ್ಯಾಸ ಇರುವುದು. ಸೋನಿಗೆ ಒಂದು ಚಿತ್ರ ಓದಿ ಮುಗಿಸಲು ಸುಮಾರು 1/15 ಸೆಕೆಂಡ್ ಬೇಕು. ಕ್ಯಾನನ್‌ಗೆ ಸುಮಾರು 1/68. ಫ್ಯಾನ್ ನಿಮಿಷಕ್ಕೆ 350 ಸುತ್ತು ತಿರುಗುತ್ತಿದ್ದರೆ, ಸೋನಿ ಓದಿ ಮುಗಿಸುವಷ್ಟರಲ್ಲಿ ರೆಕ್ಕೆ ಮೂರನೇ ಒಂದು ಸುತ್ತಿಗಿಂತ ಜಾಸ್ತಿ ಹೋಗಿರುತ್ತದೆ. ಕ್ಯಾನನ್ ಓದುವಷ್ಟರಲ್ಲಿ ಹತ್ತನೇ ಒಂದು ಸುತ್ತೂ ಆಗಿರುವುದಿಲ್ಲ. ಫ್ಯಾನ್ ಜಾಗದಲ್ಲಿ ಕ್ರಿಕೆಟ್ ಬ್ಯಾಟ್, ಹಕ್ಕಿಯ ರೆಕ್ಕೆ, ಚೆಂಡೆಯ ಕೋಲು ಇಟ್ಟು ನೋಡಿ.

ದೀಪದ ಕತೆಯೂ ಇದರದೇ ತಮ್ಮ. ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟು, ಸಾಧಾರಣ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಎಲೆಕ್ಟ್ರಾನಿಕ್ ಶಟರ್‌ಗೆ ಕಾಣುತ್ತದೆ. ಅಂಥ ಬೆಳಕಲ್ಲಿ ಶಟರ್ ವೇಗ ಏರಿಸಿದರೆ ಸೋನಿಯ ಒಂದು ಚಿತ್ರದೊಳಗೆ ಆರೇಳು ಕಪ್ಪು ಪಟ್ಟೆ ಬೀಳಬಹುದು. ಕ್ಯಾನನ್‌ನಲ್ಲಿ ಒಂದೋ ಎರಡೋ. ಪಟ್ಟೆ ಎರಡರಲ್ಲೂ ಬರುತ್ತದೆ ಅನ್ನುವುದು ನೆನಪಿರಲಿ. ಮದ್ದು ಎರಡಕ್ಕೂ ಒಂದೇ: ಮೆಕ್ಯಾನಿಕಲ್ ಶಟರ್‌ಗೆ ಬನ್ನಿ, ಮೆನುವಿನಲ್ಲಿ ಆಂಟಿ ಫ್ಲಿಕರ್ ಆನ್ ಮಾಡಿ. ಆಗುವ ಕಡೆ 1/100 ಅಥವಾ 1/50 ಇಡಿ.

‘ಹಾಗಾದರೆ ಮೆಕ್ಯಾನಿಕಲ್ ಶಟರ್‌ನಲ್ಲೇ ತೆಗೆದರಾಯಿತಲ್ಲ?’ ಸರಿಯಾದ ಪ್ರಶ್ನೆ. ಅಲ್ಲಿ ಇಬ್ಬರೂ ಹೆಚ್ಚು ಕಡಿಮೆ ಸಮ. ಸೋನಿ ಸೆಕೆಂಡಿಗೆ 10 ಫೋಟೊ, ಕ್ಯಾನನ್ 12. ಆದರೆ ಸೋನಿಯಲ್ಲಿ ಆ 10 ಬೇಕಾದರೆ ರಾ ಫೈಲನ್ನು (ಕ್ಯಾಮೆರಾ ತಿದ್ದಿ ತೀಡದ ಮೂಲ ಚಿತ್ರ) ಸ್ವಲ್ಪ ಹಿಂಡಿದ ರೂಪದಲ್ಲೇ ಉಳಿಸಬೇಕು. ಏನೂ ನಷ್ಟವಾಗದ ಲಾಸ್‌ಲೆಸ್ ಇಟ್ಟರೆ 6ಕ್ಕೆ ಇಳಿಯುತ್ತದೆ. ಕಂಬಳದ ಕೋಣ ನೀರು ಚಿಮ್ಮಿಸುತ್ತ ಎದುರಿಗೆ ಬರುವಾಗ ಹತ್ತು ಹನ್ನೆರಡು ಸಾಕೇ ಸಾಕು.

ಮುಹೂರ್ತದ ಹೊತ್ತಿಗೆ ಮಂಟಪದಲ್ಲಿ, ಸಂಗೀತ ಕಛೇರಿಯ ಮೊದಲ ಸಾಲಿನಲ್ಲಿ ಪಟಪಟ ಸದ್ದು ಮಾಡುವಂತಿಲ್ಲ. ಅಲ್ಲಿ ಕ್ಯಾನನ್ನಿನ ಸದ್ದಿಲ್ಲದ ಶಟರ್ ಧೈರ್ಯವಾಗಿ ಬಳಸಬಹುದು. ಅದು ಸೆಕೆಂಡಿಗೆ 40 ಫೋಟೊ ಹೊಡೆಯುತ್ತದೆ. ಹಿಂದೆ ಒಂದು ಫಿಲ್ಮ್ ರೋಲ್‌ಗೆ 36 ಚಿತ್ರ. ಟಿ.ಎನ್‌.ಎ. ಪೆರುಮಾಳ್ ಅವರಂಥವರು ಆ 36ನ್ನು ಎಣಿಸಿ ಎಣಿಸಿ ಖರ್ಚು ಮಾಡಿ ಕಾಡಿನ ಫೋಟೊ ತೆಗೆದರು. ಇದು ಇಡೀ ರೋಲನ್ನು ಒಂದು ಸೆಕೆಂಡಿನೊಳಗೆ ಮುಗಿಸುತ್ತದೆ. ಇನ್ನೊಂದು ಮಜಾ ಇದೆ. ನೀವು ಗುಂಡಿ ಪೂರ್ತಿ ಒತ್ತುವ ಅರ್ಧ ಸೆಕೆಂಡ್ ಮೊದಲಿನ ಚಿತ್ರಗಳನ್ನೂ ಹಿಡಿದಿಡುವ ಮೋಡ್. ಮಿಂಚುಳ್ಳಿ ಕೊಂಬೆ ಬಿಟ್ಟ ಮೇಲೆ ನಮ್ಮ ಬೆರಳಿಗೆ ಬುದ್ಧಿ ಬರುತ್ತದಲ್ಲ, ಅದಕ್ಕೆ ಇದು ಪರಿಹಾರ. ಬೆಲೆಯೂ ಇದೆ ಅನ್ನಿ: ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಕ್ಯಾನನ್ 14 ಬಿಟ್ ಬದಲು 12 ಬಿಟ್‌ಗೆ ಇಳಿಯುತ್ತದೆ, ಅಂದರೆ ಕಪ್ಪಿನಿಂದ ಬಿಳುಪಿಗೆ ಹೋಗುವ ಮೆಟ್ಟಿಲುಗಳು ಕಡಿಮೆಯಾಗುತ್ತವೆ. ಕಪ್ಪು ಭಾಗವನ್ನು ಆಮೇಲೆ ಬೆಳಗಿಸಲು ಹೋದರೆ ಸ್ವಲ್ಪ ಒರಟಾಗಿ ಕಾಣಬಹುದು. ಮತ್ತೆ ಆ ಸಾವಿರ ಫೋಟೊ ಸೋಸುವವರು ಯಾರು?

ಹಂತ 4: ಗೋಡೆಗೆ ಪೇಪರ್ ಅಂಟಿಸಿ

ಇದು ಐದು ನಿಮಿಷದ ಕೆಲಸ. ಸಂಜೆ ಹೊತ್ತು ಈ ಪುರವಣಿಯ ಹಾಳೆಯನ್ನೇ ಗೋಡೆಗೆ ಅಂಟಿಸಿ. ಕೈಯಲ್ಲೇ ಹಿಡಿದು 1/15, 1/8, 1/4 ಸೆಕೆಂಡಿನಲ್ಲಿ ಹತ್ತತ್ತು ಫೋಟೊ ತೆಗೆಯಿರಿ. ಅಕ್ಷರ ಓದಲು ಬರುವಂಥವು ಎಷ್ಟು ಎಣಿಸಿ. ಕೈನಡುಕ ತಡೆಯುವ ವ್ಯವಸ್ಥೆ ಎರಡರ ಒಳಗೂ ಇದೆ. ಕಂಪನಿಗಳ ಲೆಕ್ಕದಲ್ಲಿ ಕ್ಯಾನನ್‌ಗೆ 8 ಸ್ಟಾಪ್, ಸೋನಿಗೆ 5.5. ಒಂದೊಂದು ಸ್ಟಾಪ್ ಅಂದರೆ ಶಟರನ್ನು ಎರಡರಷ್ಟು ಹೊತ್ತು ತೆರೆದಿಡುವ ಅವಕಾಶ. ನಿಮ್ಮ ಕೈಯ ಲೆಕ್ಕ ಬೇರೆಯೇ ಇರುತ್ತದೆ.

ಹಳೇಬೀಡಿನ ಒಳಗೆ, ಕಡೆದ ಕಂಬಗಳ ನಡುವಿನ ಮಬ್ಬಿನಲ್ಲಿ ಇದು ದೊಡ್ಡ ವರ. ಟ್ರೈಪಾಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದೇ 1/4 ಸೆಕೆಂಡನ್ನು ಯಕ್ಷಗಾನದ ಧೀಂಗಣಕ್ಕೆ, ಅಂದರೆ ಗಿರಗಿರ ತಿರುಗುವ ಕುಣಿತಕ್ಕೆ, ಇಟ್ಟರೆ ವೇಷಧಾರಿ ಬಣ್ಣದ ಹೊಗೆಯಾಗುತ್ತಾನೆ. ನಡುಕ ತಡೆಯುವುದು ನಿಮ್ಮದು ಮಾತ್ರ, ಅವನದಲ್ಲ.

ಫೋಕಸ್ ವಿಷಯದಲ್ಲಿ ಎರಡೂ ಮನುಷ್ಯರು, ಪ್ರಾಣಿ, ಹಕ್ಕಿಗಳ ಕಣ್ಣು ಹುಡುಕುತ್ತವೆ, ಚೆನ್ನಾಗಿಯೇ. ನನ್ನ ಹಳೆಯ ಕ್ಯಾಮೆರಾ ಬಣ್ಣದ ವೇಷ ಬಂದಾಗ ಕಣ್ಣು ಯಾವುದು, ಮುಖಕ್ಕೆ ಅಕ್ಕಿಹಿಟ್ಟಿನಿಂದ ಇಡುವ ಚುಟ್ಟಿ ಯಾವುದು ಅಂತ ಗಲಿಬಿಲಿಗೊಂಡು ಕಿರೀಟಕ್ಕೆ ಫೋಕಸ್ ಮಾಡುತ್ತಿತ್ತು. ಹಾಗಾಗಿ ಯಕ್ಷಗಾನವೇ ನಿಮ್ಮ ವಿಷಯವಾದರೆ ಅಂಗಡಿಯ ಬೊಂಬೆಯ ಮೇಲೆ ಪರೀಕ್ಷೆ ಮಾಡಬೇಡಿ, ಆಟಕ್ಕೇ ಹೋಗಿ.

ಹಂತ 5: ಲೆನ್ಸಿನ ಅಂಗಡಿಗೆ ಹೋಗಿ

ದುಡ್ಡು ಹೋಗುವುದು ಇಲ್ಲಿ. ನನ್ನನ್ನು ಕೇಳಿದರೆ ಕ್ಯಾಮೆರಾಗಿಂತ ಮೊದಲು ಇದನ್ನೇ ಲೆಕ್ಕ ಹಾಕಬೇಕು.

ಸೋನಿಯ ಮೌಂಟಿಗೆ, ಅಂದರೆ ಲೆನ್ಸ್ ಕೂರುವ ಬಾಯಿಗೆ, ಟ್ಯಾಮ್ರಾನ್, ಸಿಗ್ಮಾದಂಥ ಹೊರಗಿನವರೂ ಆಟೊಫೋಕಸ್ ಲೆನ್ಸ್ ಮಾಡುತ್ತಾರೆ. ಟ್ಯಾಮ್ರಾನ್ 28-75 ಎಫ್/2.8, ಸಿಗ್ಮಾ 24-70 ಎಫ್/2.8, ಸಿಗ್ಮಾ 150-600 ಹೀಗೆ. (ಮೊದಲ ಜೋಡಿ ಅಂಕಿ ಜೂಮಿನದು, ದೊಡ್ಡದಾದಷ್ಟೂ ದೂರ ಮುಟ್ಟುತ್ತದೆ. ಎಫ್ ಅಂಕಿ ಚಿಕ್ಕದಾದಷ್ಟೂ ಒಳಗೆ ಬೆಳಕು ಜಾಸ್ತಿ.) ಸ್ಪರ್ಧೆ ಇರುವ ಕಡೆ ಬೆಲೆ ಹಗುರ. ಕ್ಯಾನನ್ ತನ್ನ ಆರ್‌ಎಫ್ ಮೌಂಟಿನ ಬಾಗಿಲನ್ನು ಬಹಳ ಕಾಲ ಮುಚ್ಚಿಟ್ಟಿತ್ತು. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗೆ ತೆರೆದದ್ದೂ ಚಿಕ್ಕ ಸೆನ್ಸರಿನ ಲೆನ್ಸುಗಳಿಗೆ. ಆದರೆ ಕ್ಯಾನನ್‌ಗೆ ಒಂದು ಹಿಂಬಾಗಿಲು ಇದೆ. ಕನ್ನಡಿ ಇದ್ದ ಕ್ಯಾನನ್‌ಗಳ ಹಳೆಯ ಇಎಫ್ ಲೆನ್ಸುಗಳು ಒಂದು ಅಡಾಪ್ಟರ್ ಹಾಕಿದರೆ ಇದರಲ್ಲಿ ಸಲೀಸಾಗಿ ನಡೆಯುತ್ತವೆ. ನಮ್ಮೂರುಗಳ ಸ್ಟುಡಿಯೊ ಕಪಾಟುಗಳಲ್ಲಿ ಹಳೆಯ 24-70, 70-200 ಎಷ್ಟು ಕೂತಿವೆ ನೋಡಿ. ಅಂಥದ್ದೊಂದು ನಿಮ್ಮ ಬಳಿ ಇದ್ದರೆ ಅರ್ಧ ತೀರ್ಮಾನ ಆದ ಹಾಗೆ.

ಹಕ್ಕಿಯವರಿಗೆ ಒಂದು ಮಾತು. ಸೋನಿ 200-600 ಕೊನೆಯ ತುದಿಯಲ್ಲಿ ಎಫ್/6.3. ಕ್ಯಾನನ್ 200-800 ಕೊನೆಯ ತುದಿಯಲ್ಲಿ ಎಫ್/9. ತೂಕ ಎರಡೂ ಎರಡು ಕೆಜಿಯ ಆಸುಪಾಸು. ಕ್ಯಾನನ್‌ದು ಇನ್ನೂ ದೂರ ಮುಟ್ಟುತ್ತದೆ, ಆದರೆ ಆ ತುದಿಯಲ್ಲಿ ಒಳಗೆ ಬರುವ ಬೆಳಕು ಸೋನಿಯ ಅರ್ಧ. ಕಬಿನಿಯ ಬೆಳಗಿನ ಸಫಾರಿಯಲ್ಲಿ, ಮಂಜು ಇನ್ನೂ ಬಿಡದ ಹೊತ್ತಲ್ಲಿ, ಆ ಅರ್ಧ ಚೆನ್ನಾಗಿಯೇ ಚುಚ್ಚುತ್ತದೆ. ಹೆಗಲು ನೋಯದ ಹಾಗೆ ಬೆಟ್ಟ ಹತ್ತುವವರಿಗೆ ಕ್ಯಾನನ್ ಆರ್‌ಎಫ್ 100-400 ಇದೆ. ಬರೀ 635 ಗ್ರಾಂ. ಬಿಸಿಲಿದ್ದರೆ ಚಿನ್ನ, ಮೋಡ ಕವಿದರೆ ಕಷ್ಟ.

ಕರಾವಳಿ, ಮಲೆನಾಡಿನವರು ಯಾವ ಲೆನ್ಸ್ ತಂದರೂ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್‌ಗೆ ಸ್ವಲ್ಪ ದುಡ್ಡು ಎತ್ತಿಡಿ. ಆಷಾಢದಲ್ಲಿ ಬೂಷ್ಟು ಕಂಪನಿಯ ಹೆಸರು ನೋಡಿ ಬರುವುದಿಲ್ಲ.

ಹಂತ 6: ವಿಡಿಯೊ, ಕಾರ್ಡು

ಸೋನಿಯಲ್ಲಿ ಸೆಕೆಂಡಿಗೆ 60 ಫ್ರೇಮ್‌ನ 4ಕೆ ವಿಡಿಯೊ ತೆಗೆದರೆ ಚಿತ್ರ ಒಂದೂವರೆ ಪಟ್ಟು ಬಿಗಿಯಾಗುತ್ತದೆ. ಚಿಕ್ಕ ಮನೆಯ ಗೃಹಪ್ರವೇಶದಲ್ಲಿ ಗೋಡೆಗೆ ಬೆನ್ನು ಒತ್ತಿ ನಿಂತರೂ ಎಲ್ಲರೂ ಫ್ರೇಮಿಗೆ ಬರುವುದಿಲ್ಲ. ಕ್ಯಾನನ್‌ನಲ್ಲಿ ಆ ಕಾಟ ಇಲ್ಲ. 30 ಫ್ರೇಮ್ ಸಾಕು ಅನ್ನುವವರಿಗೆ ಎರಡೂ ಪೂರ್ತಿ ಅಗಲ ಕೊಡುತ್ತವೆ.

ಎರಡರಲ್ಲೂ ಎರಡು ಕಾರ್ಡ್ ಜಾಗ ಇದೆ. ಎರಡಕ್ಕೂ ಒಂದೇ ಫೋಟೊ ಬರೆಯುವ ಹಾಗೆ ಇಟ್ಟುಬಿಡಿ. ನನ್ನ ಬಳಿ ಒಂದೇ ಕಾರ್ಡಿನ ಕ್ಯಾಮೆರಾ ಇದ್ದ ಕಾಲದಲ್ಲಿ ನೆಂಟರ ಮನೆಯ ನಾಮಕರಣವೊಂದು ಕಾರ್ಡಿನ ಜೊತೆ ಸತ್ತುಹೋಯಿತು. ಆ ಮಗು ಈಗ ಕಾಲೇಜಿಗೆ ಹೋಗುತ್ತಿದೆ, ಅವರಮ್ಮ ಇನ್ನೂ ಮರೆತಿಲ್ಲ.

ಹಂತ 7: ಎರಡು ದಿನ ಬಾಡಿಗೆಗೆ ತನ್ನಿ

ಬೆಂಗಳೂರಿನಲ್ಲಿ ಕ್ಯಾಮೆರಾ ಬಾಡಿಗೆಗೆ ಸುಲಭವಾಗಿ ಸಿಗುತ್ತದೆ. ಬೇರೆ ಊರುಗಳಲ್ಲಿ ಮದುವೆ ಫೋಟೊದವರನ್ನು ವಿಚಾರಿಸಿ. ಶನಿವಾರ ಒಂದು, ಭಾನುವಾರ ಇನ್ನೊಂದು ತನ್ನಿ. ಮೊದಲ ಹಂತದ ಹಾಳೆಯಲ್ಲಿ ಯಾವ ಸಾಲು ತುಂಬಿತ್ತೋ ಅದನ್ನು ಮಾತ್ರ ತೆಗೆಯಿರಿ. ಸುಮ್ನೆ ಬೀದಿ ನಾಯಿ, ಹೂಕುಂಡ ತೆಗೆದು ದಿನ ಕಳೆಯಬೇಡಿ. ಹಿಡಿಕೆ ಕೈಗೆ ಕೂರುತ್ತದಾ ನೋಡಿ. ಕಿರುಬೆರಳು ಕೆಳಗೆ ಜಾರಿದರೆ ನಾಲ್ಕು ಗಂಟೆಯ ಮದುವೆಯಲ್ಲಿ ಮಣಿಕಟ್ಟು ಮಾತಾಡಲು ಶುರು ಮಾಡುತ್ತದೆ. ರಾ ಫೈಲುಗಳನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ತೆರೆಯಿರಿ. 33 ಮೆಗಾಪಿಕ್ಸೆಲ್ ಫೈಲು ಹಳೆಯ ಲ್ಯಾಪ್‌ಟಾಪನ್ನು ಏದುಸಿರು ಬಿಡಿಸಬಹುದು.

ಸೆಕೆಂಡ್‌ಹ್ಯಾಂಡ್ ತಗೊಳ್ಳುವುದಾದರೆ ಆಕಾಶಕ್ಕೆ ಹಿಡಿದು ಎಫ್/16ರಲ್ಲಿ ಒಂದು ಫೋಟೊ ತೆಗೆಯಿರಿ, ಸೆನ್ಸರ್ ಮೇಲಿನ ಕಲೆ, ಧೂಳು ಎಲ್ಲ ಕಾಣುತ್ತದೆ. ಬೀಚ್‌ನಲ್ಲಿ ದುಡಿದು ಬಂದದ್ದಾದರೆ ಸ್ಕ್ರೂಗಳಲ್ಲಿ ತುಕ್ಕು ಹುಡುಕಿ.

ಹುಡುಗ ಕ್ಯಾನನ್ ತಗೊಂಡ. ಗುರುಗಳ ಸ್ಟುಡಿಯೊದಿಂದ ಹಳೆಯ ಇಎಫ್ 70-200 ಸಿಕ್ಕಿತು, ಅಡಾಪ್ಟರ್ ಹಾಕಿಕೊಂಡ. ಮೇಷ್ಟ್ರು ಸೋನಿ ತಗೊಂಡು, ಉಳಿದ ದುಡ್ಡಿಗೆ ಟ್ಯಾಮ್ರಾನ್ 28-75 ಕೂಡಿಸಿದರು. ಮೊನ್ನೆ ಫೋನ್ ಮಾಡಿದ್ದರು. ಬೇಲೂರಿನ ದರ್ಪಣ ಸುಂದರಿಯ ಫೋಟೊವನ್ನು ಪರದೆಯ ಮೇಲೆ ಹಿಗ್ಗಿಸಿಕೊಂಡು ಅವಳ ಬಳೆ ಎಣಿಸುತ್ತಾ ಕೂತಿದ್ದಾರಂತೆ. ಹುಡುಗನಿಗೂ ಫೋನ್ ಮಾಡಿದೆ. ಮೊದಲ ಕಂಬಳದಲ್ಲೇ ಮೂರು ಸಾವಿರ ಫೋಟೊ ಹೊಡೆದಿದ್ದಾನೆ. ‘ಚೆನ್ನಾಗಿರೋದು ಯಾವುದಪ್ಪಾ, ಕಳಿಸು’ ಅಂದೆ. ‘ಇನ್ನೂ ಸೋಸ್ತಾ ಇದ್ದೇನೆ ಸಾರ್’ ಅಂದ.