ಕಡಲತೀರಕ್ಕಾಗಿ ಒಂದು ವಿಧೇಯಕ: ನನ್ನ ಅನುಭವ

ನಾನು ಕುಮಟಾದವನು. ಕಾನೂನು ಓದಿಕೊಂಡು ನಮ್ಮ ಕರಾವಳಿಯ ಶಾಸಕರೊಬ್ಬರ ಹತ್ತಿರ ಕೆಲಸ ಮಾಡುತ್ತೇನೆ. ಪ್ರಶ್ನೆ ಬರೆಯುವುದು, ಕಡತ ಓದುವುದು ನನ್ನ ಪಾಲಿನ ಕೆಲಸ.

2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದಲ್ಲಿ ಮುಳುಗಿ ತೀರಿಹೋದರು. ಅದಾದ ಮೇಲೆ ಸಾಹೇಬರು ನನ್ನನ್ನು ಕರೆದು, "ಚುಕ್ಕೆ ಗುರುತಿನ ಪ್ರಶ್ನೆ ಹಾಕಿದ್ರೆ ಉತ್ತರ ಬರ್ತದೆ, ಅಷ್ಟೇ. ಖಾಸಗಿ ಸದಸ್ಯರ ವಿಧೇಯಕ ತಯಾರು ಮಾಡು" ಎಂದರು. ಚುಕ್ಕೆ ಗುರುತಿನ ಪ್ರಶ್ನೆ ಎಂದರೆ ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವ ಪ್ರಶ್ನೆ.

ಖಾಸಗಿ ಸದಸ್ಯರ ವಿಧೇಯಕ ಎಂದರೆ ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ. ಅದು ಕಾಯ್ದೆಯಾಗುವುದು ತೀರಾ ಅಪರೂಪ. ಸಂಸತ್ತಿನಲ್ಲೇ ಇದುವರೆಗೆ ಪಾಸಾಗಿದ್ದು 14, ಕೊನೆಯದ್ದು 1970ರಲ್ಲಿ. ಅದು ಗೊತ್ತಿದ್ದೂ ಕೆಲಸ ಶುರು ಮಾಡಿದೆವು. ಸದನದ ಮುಂದೆ ಪೂರ್ತಿ ಬರೆದ ಕರಡು ಇದ್ದರೆ ಸರ್ಕಾರವೂ ಅದರ ಬಗ್ಗೆ ಮಾತಾಡಲೇಬೇಕು, ಅಲ್ವಾ?

ಮೊದಲು ನೋಡಿದ್ದು, ರಾಜ್ಯಕ್ಕೆ ಯಾವುದರ ಮೇಲೆ ಅಧಿಕಾರ ಇದೆ ಎಂದು. 2024ರ ಜುಲೈ 16ರಂದು ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ನಮ್ಮೆಲ್ಲರ ಮನಸ್ಸಿನಲ್ಲಿತ್ತು. ಆದರೆ ರಾಷ್ಟ್ರೀಯ ಹೆದ್ದಾರಿ ಕೇಂದ್ರದ ಪಟ್ಟಿಯ ವಿಷಯ, ಅಂದರೆ ಅದರ ಮೇಲೆ ಕಾಯ್ದೆ ಮಾಡುವ ಅಧಿಕಾರ ಸಂಸತ್ತಿನದು. ಅದನ್ನು ಒಳಗೆ ತಂದರೆ ವಿಧೇಯಕಕ್ಕೆ ಮೊದಲ ದಿನವೇ ತಕರಾರು ಬರುತ್ತದೆ. ಹಾಗಾಗಿ ತೀರದ ಸುರಕ್ಷತೆಯನ್ನಷ್ಟೇ ಇಟ್ಟುಕೊಂಡೆವು. ಕಾಳಿ ನದಿ ದಾಟಿ ಸ್ವಲ್ಪ ಹೋದರೆ ಗೋವಾ. ಅಲ್ಲಿ ಪ್ರವಾಸಿ ತಾಣಗಳಿಗೆಂದೇ 2001ರ ಕಾಯ್ದೆ ಇದೆ. ಅದನ್ನೂ ಸಾಲು ಸಾಲಾಗಿ ಓದಿದೆ.

ಜಾಸ್ತಿ ಸಮಯ ಹಿಡಿದದ್ದು ಒಂದೇ ಕಲಂ: ಎಲ್ಲಿ ನೀರಿಗೆ ಇಳಿಯಬಾರದು? ನಕ್ಷೆಯಲ್ಲಿ ಗೆರೆ ಹಾಕಿ ಅನುಸೂಚಿಗೆ (ಕಾಯ್ದೆಯ ಕೊನೆಯ ಪಟ್ಟಿಗೆ) ಸೇರಿಸುವುದು ಸುಲಭದ ದಾರಿ. ಗೋಕರ್ಣದ ಹತ್ತಿರ ಒಬ್ಬ ಹಿರಿಯ ಮೀನುಗಾರರನ್ನು ಕೇಳಿದೆ. "ತಮಾ, ಅಲೆ ಒಡೆಯೋ ಜಾಗ ಕಣ್ಣಿಗೆ ಕಾಣ್ತದೆ. ಅಲೆ ಒಡೀದೆ ಸುಮ್ನಿರೋ ಜಾಗಕ್ಕೇ ಹೊರಗಿನವ್ರು ಇಳೀತಾರೆ. ಸೆಳೆತ ಇರೋದು ಅಲ್ಲೇ. ಅದೂ ಇವತ್ತು ಇಲ್ಲಿ, ನಾಳೆ ಇನ್ನೊಂದು ಕಡೆ" ಎಂದರು. ಆ ಮಾತು ಇಡೀ ಕಲಮಿನ ಆಕಾರವನ್ನೇ ತೀರ್ಮಾನಿಸಿತು. ಮರಳಿನ ದಿಬ್ಬ ಸರಿದಂತೆ ನೀರು ಹಿಂದಕ್ಕೆ ಓಡುವ ದಾರಿಯೂ ಸರಿಯುತ್ತದೆ. ಕಾಯ್ದೆಯ ಪುಸ್ತಕದಲ್ಲಿ ಗೆರೆ ಹಾಕಿಟ್ಟರೆ ಅದು ಯಾರನ್ನೂ ಉಳಿಸುವುದಿಲ್ಲ. ಅದಕ್ಕೇ, ಕರ್ತವ್ಯದಲ್ಲಿರುವ ಜೀವರಕ್ಷಕ ದಿನವೂ ಬೆಳಿಗ್ಗೆ ನೀರು ನೋಡಿ ಬಾವುಟ ನೆಡಬೇಕು, ಅಪಾಯ ಕಂಡರೆ ಆ ಕ್ಷಣವೇ ಜಾಗ ಮುಚ್ಚಬಹುದು ಎಂದು ಬರೆದೆವು. ಆತನ ಮಾತಿಗೆ ಪೊಲೀಸರು ಬೆಂಬಲ ಕೊಡಲೇಬೇಕು ಎಂದೂ ಸೇರಿಸಿದೆವು. ದಂಡದ ಕಲಮನ್ನು ಚಿಕ್ಕದಾಗಿಯೇ ಇಟ್ಟೆವು. ಸಮುದ್ರವನ್ನೇ ಮೊದಲ ಸಲ ನೋಡುವ ಹುಡುಗರಿಗೆ ದಂಡಕ್ಕಿಂತ ಎದುರಿಗೆ ನಿಂತು ತಡೆಯುವ ಮನುಷ್ಯ ಬೇಕು.

ಆಮೇಲೆ ಹೊಣೆ. "ಸಂಬಂಧಪಟ್ಟವರು ಕ್ರಮ ಕೈಗೊಳ್ಳತಕ್ಕದ್ದು" ಎಂಬ ಸಾಲು ಕರಡಿನ ಯಾವ ಕಲಮಿನಲ್ಲೂ ಇರಬಾರದು ಎಂದು ಸಾಹೇಬರು ಹಟ ಹಿಡಿದರು. ಅವರು ಹೇಳಿದ್ದು ಸರಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಹಾಗಾಗಿ ಜೀವರಕ್ಷಕರ ನೇಮಕ, ತರಬೇತಿ ಎರಡನ್ನೂ ಆ ಹುದ್ದೆಯ ಹೆಸರಿಗೇ ಬರೆದೆವು.

ಕಷ್ಟ ಇರುವುದು ಹಣದಲ್ಲಿ. ಸಂವಿಧಾನದ 207ನೇ ವಿಧಿ ಪ್ರಕಾರ, ರಾಜ್ಯದ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ಖರ್ಚಾಗುವ ವಿಧೇಯಕ ಪಾಸಾಗಲು ರಾಜ್ಯಪಾಲರ ಶಿಫಾರಸು ಬೇಕು. ಸಂಬಳವಿಲ್ಲದೆ ಜೀವರಕ್ಷಕರಿಲ್ಲ. ಖರ್ಚಿನ ಭಾಗ ತೆಗೆದುಬಿಡಿ, ಬೇಗ ಮುಂದೆ ಹೋಗುತ್ತದೆ ಎಂದು ಕೆಲವರು ಹೇಳಿದರು. ನಾವು ತೆಗೆಯಲಿಲ್ಲ.

ದೋಣಿಗಳ ಅಧ್ಯಾಯವನ್ನು ಮಾತ್ರ ಬೇರೆ ಮಾಡಿದ್ದೇವೆ. 2019ರ ಜನವರಿಯಲ್ಲಿ ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತದ್ದನ್ನು ಕಾರವಾರದವರು ಯಾರೂ ಮರೆತಿಲ್ಲ. ಆದರೆ ಒಳನಾಡು ಜಲಯಾನಗಳಿಗೆ ಕೇಂದ್ರದ 2021ರ ಕಾಯ್ದೆ ಬಂದಿದೆ, ಸಮುದ್ರದ ದೋಣಿಗೆ ಬೇರೆ ನಿಯಮ. ಜಾತ್ರೆಯ ದಿನ ಜನ ಹತ್ತುವ ಮೀನುಗಾರಿಕೆ ದೋಣಿಗೆ ಇವುಗಳಲ್ಲಿ ಯಾವುದು ಅನ್ವಯಿಸುತ್ತದೆ ಎಂದು ಈಗ ಒಂದೊಂದೇ ಕಲಂ ಹಿಡಿದು ಹೋಲಿಸಿ ನೋಡುತ್ತಿದ್ದೇನೆ. ಲೈಫ್ ಜಾಕೆಟ್ ಮತ್ತು ಜನರ ಮಿತಿ, ಇವೆರಡನ್ನು ಮೊದಲು ಬರೆಯುತ್ತೇವೆ.