ಗೋಡೆಗೆ ಬ್ರೌನ್ ಶೀಟ್, ಎಲ್ಲರ ಕೈಗೂ ಮಾರ್ಕರ್: ನನ್ನ ಅನುಭವ

ಕೆರೆ ಸಂಘ, ಸ್ತ್ರೀಶಕ್ತಿ ಗುಂಪು, ಶಾಲೆಯ ಉಸ್ತುವಾರಿ ಸಮಿತಿ (ಎಸ್‌ಡಿಎಂಸಿ), ಹೀಗೆ ಹಳ್ಳಿ ಸಭೆಗಳಲ್ಲಿ ಚಿತ್ರ ಬಿಡಿಸುತ್ತಾ ಚರ್ಚೆ ನಡೆಸುವುದು ನನ್ನ ಕೆಲಸ. ಶುರು ಮಾಡಿದಾಗ ನಮ್ಮ ವಲಯದ ಹಿರಿಯರು ಯಾರೂ ಒಪ್ಪಲಿಲ್ಲ. "ರಂಗೋಲಿ ಪುಡಿಯಲ್ಲಿ ಜನರೇ ನಕ್ಷೆ ಹಾಕ್ತಾರಲ್ಲ, ಮಧ್ಯೆ ನೀನ್ಯಾಕೆ?" ಅಂತ ಒಬ್ಬರು. "ದೊಡ್ಡವರ ಸಭೇಲಿ ಬೊಂಬೆ ಬರೆದ್ರೆ ಯಾರು ಕೂರ್ತಾರೆ?" ಅಂತ ಇನ್ನೊಬ್ಬರು. ಈಗ ತುಮಕೂರು, ಚಿತ್ರದುರ್ಗದ ಕಡೆ ಗಲಾಟೆ ಇರುವ ಕೆರೆ ಸಭೆ ಅಂದರೆ ಅವರೇ ಮೊದಲು ನನಗೆ ಫೋನ್ ಮಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಪಿಆರ್‌ಎ, ಅಂದರೆ ಊರಿನವರೇ ತಮ್ಮ ಊರಿನ ನಕ್ಷೆ, ಲೆಕ್ಕ ಹಾಕಿ ಚರ್ಚಿಸುವ ಪದ್ಧತಿ, ಈ ಕೆಲಸದವರಿಗೆ ಹೊಸದಲ್ಲ. 1990ರ ಆಸುಪಾಸಿನಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯವರು ನಮ್ಮ ಕಡೆ ಅದನ್ನು ಹಬ್ಬಿಸಿದಾಗಿನಿಂದ ನೆಲದ ನಕ್ಷೆ, ಹುಣಸೆ ಬೀಜದ ಲೆಕ್ಕ, ಯಾವ ಸಂಸ್ಥೆ ಊರಿಗೆ ಎಷ್ಟು ಹತ್ತಿರ ಅಂತ ದುಂಡು ಹಾಳೆಗಳಲ್ಲಿ ತೋರಿಸುವ ಚಪಾತಿ ಚಿತ್ರ ಎಲ್ಲರೂ ಮಾಡಿದ್ದೇವೆ. ನಕ್ಷೆ ಚೆನ್ನಾಗೇ ಬರುತ್ತದೆ. ಆದರೆ ಆಮೇಲೆ ನಡೆಯುವ ಮಾತು ಯಾರಿಗೂ ನೆನಪಿರುವುದಿಲ್ಲ. ಸಂಜೆ ಕುರಿ ಮಂದೆ ದಾಟಿದರೆ ನಕ್ಷೆಯೂ ಇಲ್ಲ. ನನಗೆ ಬೇಕಾಗಿದ್ದು ಮಾತಿನ ಜೊತೆಗೇ ಬೆಳೆಯುವ, ಸಭೆ ಮುಗಿದ ಮೇಲೂ ಊರಲ್ಲಿ ಉಳಿಯುವ ಚಿತ್ರ.

ಮೊದಲು ದುಡ್ಡು ಹೋಗಿದ್ದು ಪೆನ್ನಿಗೆ. ಹೊರದೇಶದ ಮಾರ್ಕರ್, ಒಂದಕ್ಕೆ 300 ಚಿಲ್ಲರೆ. ಸೆಟ್ಟಿಗೆ ಹತ್ತಿರ ಹತ್ತಿರ 4000 ಆಯಿತು. ಅದರ ಚಪ್ಪಟೆ ಮೂತಿ ಇಂಗ್ಲಿಷ್ ಅಕ್ಷರಕ್ಕೆ ಸರಿ. ನಮ್ಮ ಅಕ್ಷರ ದುಂಡಗೆ ಸುತ್ತಬೇಕು. ಕೈ ತಿರುಗಿದಲ್ಲೆಲ್ಲ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ. ಹಿಂದಿನ ಸಾಲಿನವರಿಗೆ ಓದಲಿಕ್ಕೇ ಆಗುತ್ತಿರಲಿಲ್ಲ. ದುಂಡು ಮೂತಿಯ ಲೋಕಲ್ ಮಾರ್ಕರ್‌ಗೆ ಬಂದೆ. ಇಂಕ್ ಬಾಟಲಿ ತಂದು ತುಂಬಿಸಿಕೊಂಡರೆ ಒಂದು ಸಭೆಗೆ 30 ರೂಪಾಯಿ ದಾಟುವುದಿಲ್ಲ. ಅಕ್ಷರ ಎರಡು ಇಂಚು, ಸಾಲಿನ ಮಧ್ಯೆ ಕೈ ಬಿಚ್ಚಿ ಜಾಗ ಬಿಡಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದರೆ ನಿಧಾನಕ್ಕೆ ಓದುವವರು ಅಲ್ಲೇ ನಿಂತುಬಿಡುತ್ತಾರೆ. ಹಳದಿ, ಕಿತ್ತಳೆ ಬಣ್ಣಗಳು ಬ್ರೌನ್ ಶೀಟ್ ಮೇಲೆ ಕಾಣುವುದೇ ಇಲ್ಲ.

ಆಮೇಲೆ ಟ್ಯಾಬ್, ಪ್ರೊಜೆಕ್ಟರ್. ಸೆಕೆಂಡ್ ಹ್ಯಾಂಡ್ ತಗೊಂಡರೂ 30 ಸಾವಿರದ ಮೇಲಾಯಿತು. ಕರೆಂಟ್ ಹೋಗುವುದು ಬಿಡಿ, ಅದಕ್ಕೆ ಬ್ಯಾಟರಿ ಇದೆ. ಜನ ಗೋಡೆಗೆ ಒರಗಿಕೊಂಡು ಸಿನಿಮಾಕ್ಕೆ ಬಂದವರ ಹಾಗೆ ನೋಡುತ್ತಾರೆ, ಒಬ್ಬರೂ ಎದ್ದು ಬರುವುದಿಲ್ಲ. ಅದನ್ನು ಅರ್ಧ ಬೆಲೆಗೆ ಒಂದು ಟ್ಯೂಷನ್ ಸೆಂಟರಿಗೆ ಕೊಟ್ಟೆ.

ಇನ್ನು ಗುರುತುಗಳ ವಿಷಯ. ನೆಟ್‌ನಲ್ಲಿ ಸಿಗುವ ಐಕಾನ್ ಪುಸ್ತಕ ಇಟ್ಟುಕೊಂಡು ಹಳ್ಳಿಗೆ ಹೋಗಬೇಡಿ. ಹೊಸ ಯೋಚನೆ ಅಂತ ಬಲ್ಬ್ ಬಿಡಿಸಿದರೆ "ಬೀದಿ ದೀಪದ ವಿಷ್ಯಾನಾ ಸಾರ್?" ಅಂತಾರೆ. ಪಕ್ಷದ ಚಿಹ್ನೆಗಳದ್ದು ಇನ್ನೂ ದೊಡ್ಡ ತಲೆನೋವು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ ನಿಜ, ಆದರೆ ಯಾರು ಯಾವ ಕಡೆ ಅಂತ ಊರಿಗೆಲ್ಲ ಗೊತ್ತು. ಕೆರೆಯಲ್ಲಿ ತಾವರೆ ಬಿಡಿಸಿದರೆ ಒಂದು ಗುಂಪು ಎದ್ದು ನಿಲ್ಲುತ್ತದೆ. 'ನಿಲ್ಲಿ' ಅನ್ನುವುದಕ್ಕೆ ಅಂಗೈ ಹಾಕಿದರೆ ಇನ್ನೊಂದು ಗುಂಪು. ಹೊರೆ ಹೊತ್ತ ಹೆಂಗಸು ಸುಗ್ಗಿಗೆ ಎಷ್ಟು ಸಹಜ ಅಲ್ವಾ? ಅದೂ ಆಗುವುದಿಲ್ಲ, ಜೆಡಿಎಸ್ ಅಂತಾರೆ. ಹಸಿರು ಶಾಲು ಹೊದಿಸಿದರೆ ಅವನು ಬರೀ ರೈತ ಅಲ್ಲ, ರೈತ ಸಂಘದವನು. ನಾನು ಈಗ ಆಯಾ ಊರಿನ ಆಲದ ಮರ, ಹಾಲಿನ ಡೈರಿ, ಬೋರ್‌ವೆಲ್ ಇವನ್ನೇ ಗುರುತು ಮಾಡಿಕೊಳ್ಳುತ್ತೇನೆ. ಸಭೆಗೆ ಒಂದು ಗಂಟೆ ಮುಂಚೆ ಹೋಗಿ ಊರು ಸುತ್ತಿದರೆ ಬೇಕಾದಷ್ಟು ಸಿಗುತ್ತವೆ.

ಕೆಲಸ ಗಟ್ಟಿಯಾಗಿ ಕೂತಿದ್ದು ಶಿರಾ ಕಡೆಯ ಒಂದು ಕೆರೆಯಲ್ಲಿ. ಹೂಳು ತೆಗೆಯಲು ದುಡ್ಡು ಬಂದಿತ್ತು. ಗೋಡು ಮಣ್ಣು (ಕೆರೆಯ ಹೂಳು) ಯಾರ ಹೊಲಕ್ಕೆ ಎಷ್ಟು ಲೋಡು ಅನ್ನುವುದಕ್ಕೇ ಜಗಳ, ಹಿಂದಿನ ಸಭೆಗಳೆಲ್ಲ ಮುರಿದುಬಿದ್ದಿದ್ದವು. ಸಮುದಾಯ ಭವನದ ಗೋಡೆಗೆ ಸುಮಾರು 12 ಅಡಿ ಬ್ರೌನ್ ಶೀಟ್ ಅಂಟಿಸಿದೆ. ಏರಿ ಒಂದು ಗೆರೆ, ಕೆರೆಯ ಅಂಚು ಒಂದು ಗೆರೆ. ಅಷ್ಟು ಬಿಡಿಸಿ ಸುಮ್ನೆ ನಿಂತೆ.

"ತೂಬು ಎಲ್ಲಿ ಹೋಯ್ತು?" ಅಂತ ಹಿಂದಿನಿಂದ ಯಾರೋ ಕೂಗಿದರು. "ಎಲ್ಲಿದೆ, ನೀವೇ ತೋರಿಸಿ" ಅಂದೆ. ಕೆರೆ ನೀರು ಬಿಡುವ ಕೆಲಸ ನೋಡಿಕೊಳ್ಳುವ ವಯಸ್ಸಾದ ನೀರುಗಂಟಿ ಎದ್ದು ಬಂದರು. ಮಾರ್ಕರ್ ಮುಷ್ಟಿಯಲ್ಲಿ ಹಿಡಿದು ಕಾಲುವೆಗೆ ನೀರು ಬಿಡುವ ತೂಬು ಹಾಕಿದರು, ಹೆಚ್ಚಾದ ನೀರು ಹೊರಹೋಗುವ ಕೋಡಿ ಹಾಕಿದರು, ಕಾಲುವೆ ಎಲ್ಲೆಲ್ಲಿ ಮುಚ್ಚಿಹೋಗಿದೆ ಅಂತ ಅಡ್ಡ ಗೆರೆ ಎಳೆಯುತ್ತಾ ಹೋದರು. ಹತ್ತು ನಿಮಿಷ ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಪೂರ್ತಿ ಬಿಡಿಸಿಕೊಂಡು ಹೋಗಿದ್ದರೆ ಅವರು ಏಳುತ್ತಲೇ ಇರಲಿಲ್ಲ.

ಹೆಂಗಸರು ಹೊರಗೆ ಜಗಲಿಯಲ್ಲಿ ಕೂತಿದ್ದರು. ಒಳಗೆ ಕರೆದರೆ ಬರುವುದಿಲ್ಲ. ಇನ್ನೊಂದು ಶೀಟು ಹರಿದು ಅವರ ಮುಂದೆ ನೆಲಕ್ಕೆ ಹಾಸಿದೆ. ಅವರು ಮೊದಲು ತೋರಿಸಿದ್ದು ದನ ನೀರಿಗೆ ಇಳಿಯುವ ಜಾಗ. ಜೆಸಿಬಿಯವನು ಅಲ್ಲಿ ನೇರಕ್ಕೆ ಬಗೆದರೆ ಕರು ಇಳಿದದ್ದು ಹತ್ತುವುದಿಲ್ಲ, ಇಳಿಜಾರು ಹಾಗೇ ಬಿಡಬೇಕು ಅಂದರು. ಎಸ್ಟಿಮೇಟಿನಲ್ಲಿ ಆ ಸುದ್ದಿಯೇ ಇರಲಿಲ್ಲ. ಅದೇ ಶೀಟನ್ನು ಒಳಗೆ ತಂದು ದೊಡ್ಡ ಚಿತ್ರಕ್ಕೆ ಅಂಟಿಸಿದೆ.

ಮಣ್ಣಿನ ಲೆಕ್ಕಕ್ಕೆ ಒಬ್ಬೊಬ್ಬರ ಹೊಲಕ್ಕೆ ಒಂದೊಂದು ಚೌಕ ಹಾಕಿದೆ. ರಟ್ಟಿನಲ್ಲಿ ಟ್ರೇಲರ್ ಕತ್ತರಿಸಿಕೊಂಡು ಹೋಗಿದ್ದೆ. ಒಂದು ರಟ್ಟಿನ ಟ್ರೇಲರ್ ಅಂದರೆ 10 ಲೋಡು. ಒಟ್ಟು 600 ಲೋಡಿನ ಅಂದಾಜು, 60 ಟ್ರೇಲರ್. ಬಾಯಲ್ಲಿ 80 ಲೋಡು ಕೇಳುವುದು ಸುಲಭ. ತನ್ನ ಚೌಕದಲ್ಲಿ ಎಂಟು ಟ್ರೇಲರ್ ನಿಂತು, ಪಕ್ಕದವನ ಚೌಕ ಖಾಲಿ ಇರುವುದನ್ನು ಊರಿನವರೆಲ್ಲ ನೋಡುತ್ತಿರುವಾಗ ಸುಮ್ಮನಿರುವುದು ಕಷ್ಟ. ದೊಡ್ಡ ಹಿಡುವಳಿದಾರರೊಬ್ಬರು ತಾವಾಗಿಯೇ ಎದ್ದು ಮೂರು ಟ್ರೇಲರ್ ಕಿತ್ತು ಅಚ್ಚುಕಟ್ಟಿನ (ಕೆರೆ ನೀರು ಹರಿಯುವ ಹೊಲಗಳ) ಕೊನೆಯವರ ಚೌಕಕ್ಕೆ ಅಂಟಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಹಂಚಿಕೆ ಮುಗಿದು ಸಹಿಯೂ ಆಯಿತು. ಚೌಕಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನುವುದರಲ್ಲಿ ಒಂದು ಕಿಟುಕು ಇದೆ. ಬಹಳ ಕಷ್ಟಪಟ್ಟು ಕಂಡುಕೊಂಡದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ.

ದುಡ್ಡಿನ ವಿಷಯ ಕೇಳುವವರು ಜಾಸ್ತಿ. ಮೊದಮೊದಲು ದಿನಕ್ಕೆ 1500, ಬಸ್ ಚಾರ್ಜು ನನ್ನದೇ. ಒಂದು ಸಂಸ್ಥೆಯವರು ಕೆಲಸ ಮಾಡಿಸಿಕೊಂಡು "ಚಿತ್ರಕ್ಕೆ ಬಜೆಟ್ ಹೆಡ್ ಇಲ್ಲ" ಅಂತ ಬಿಲ್ ವಾಪಸ್ ಕಳಿಸಿದರು. ಅಲ್ಲಿಂದ ಮುಂದೆ ಬಿಲ್ಲಿನಲ್ಲಿ ಚಿತ್ರ ಅಂತ ಬರೆಯುವುದನ್ನೇ ಬಿಟ್ಟೆ, 'ಸಭೆ ನಿರ್ವಹಣೆ ಮತ್ತು ದಾಖಲೆ' ಅಂತ ಹಾಕುತ್ತೇನೆ. ನಾನು ಮಾಡುವುದೂ ಅದನ್ನೇ. ಈಗ ದಿನಕ್ಕೆ 8-9 ಸಾವಿರ, ಅರ್ಧ ಮುಂಗಡ. ಸಾಮಾನಿಗೆ 500 ದಾಟುವುದಿಲ್ಲ. ಬೆಂಗಳೂರಿನ ಕಂಪನಿ ವರ್ಕ್‌ಶಾಪ್‌ಗಳಲ್ಲಿ ಇದರ ಮೂರರಷ್ಟು ಕೊಡುತ್ತಾರೆ. ಒಂದೆರಡು ಮಾಡಿ ಬಿಟ್ಟೆ. ಅಲ್ಲಿ ಚಿತ್ರ ಬೇಕಾಗುವುದು ಫೋಟೊ ತೆಗೆಯಲು, ಯಾರೂ ಎದ್ದು ಬಂದು ತಿದ್ದುವುದಿಲ್ಲ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಹಳೇ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಮಳೆಗಾಲದ ನೀರಿನ ಅಂಚು ಬಿಡಿಸಿ ಬೇಸಿಗೆಯ ಚಿತ್ರದ ಮೇಲೆ ಇಳಿಬಿಟ್ಟೆ. ಯಾರ್ಯಾರ ಅಡಿಕೆ ಗಿಡ ಕೆರೆಯ ಒಳಗೇ ಇದೆ ಅಂತ ಹಾಳೆ ಬಿದ್ದ ತಕ್ಷಣ ಕಾಣುತ್ತದೆ. ಒತ್ತುವರಿ ಮಾತು ಬಂದರೆ ಸಭೆ ಬೇರೆ ದಾರಿ ಹಿಡಿಯುತ್ತದೆ, ಅದಕ್ಕೆ ಊರಿನವರು ಕೇಳಿದರೆ ಮಾತ್ರ ಆ ಹಾಳೆ ಹೊರಗೆ ತೆಗೆಯುತ್ತೇನೆ.

ಸಭೆ ಮುಗಿದ ಮೇಲೆ ಶೀಟನ್ನು ನಾನು ಮನೆಗೆ ತರುವುದಿಲ್ಲ. ಫೋಟೊ ಅದೇ ಸಂಜೆ ವಾಟ್ಸಾಪ್ ಗ್ರೂಪಿಗೆ, ಶೀಟು ಹಾಲಿನ ಡೈರಿಯ ಗೋಡೆಗೆ. ಪಂಚಾಯಿತಿ ಆಫೀಸಿಗಿಂತ ಡೈರಿ ಒಳ್ಳೆಯದು. ಬೆಳಿಗ್ಗೆ, ಸಂಜೆ ಕ್ಯಾನ್ ಹಿಡಿದು ಸಾಲಲ್ಲಿ ನಿಂತವರು ತಮ್ಮ ಚೌಕದ ಟ್ರೇಲರ್ ಎಣಿಸುತ್ತಾರೆ. ಶಿರಾ ಕಡೆಯ ಆ ಕೆರೆಯಲ್ಲಿ ಮಣ್ಣು ಹೊಡೆಯುತ್ತಿದ್ದಷ್ಟು ದಿನವೂ ಶೀಟು ಅಲ್ಲೇ ಇತ್ತು. ಲೋಡು ಬಂದ ಹಾಗೆ ಡೈರಿ ಕಾರ್ಯದರ್ಶಿ ಒಂದೊಂದಕ್ಕೂ ಟಿಕ್ ಹಾಕುತ್ತಿದ್ದರು.